ಡಯಾಥರ್ಮಿ ಯಂತ್ರದಿಂದ ಎಷ್ಟು ದೂರ ನಿಲ್ಲಬೇಕು?

ಮಂಡಿನೋವಿನ ಅಜ್ಜಿ ಮಂಚದ ಮೇಲೆ ಮಲಗಿದ್ದಾರೆ. ಮಂಡಿಗೆ ಟವೆಲ್ ಸುತ್ತಿ, ಎರಡೂ ಬದಿಗೆ ಪ್ಯಾಡ್ ಇಟ್ಟು, ಯಂತ್ರದ ಗುಂಡಿ ತಿರುಗಿಸಿದ್ದಾಗಿದೆ. ‘ಕರೆಂಟು ಕೊಡ್ತಾರಂತೆ’ ಎಂದು ಮನೆಯಿಂದಲೇ ಹೆದರಿಕೊಂಡು ಬಂದವರು ಅವರು. ಧೈರ್ಯ ಹೇಳಲೆಂದು ಫಿಸಿಯೋಥೆರಪಿಸ್ಟ್ ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂರುತ್ತಾರೆ. ಮಗನ ಕೆಲಸ, ಮೊಮ್ಮಗಳ ಓದು, ಊರ ಜಾತ್ರೆ ಎಂದು ಮಾತು ಬೆಳೆಯುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿರುತ್ತದೆ. ಅಜ್ಜಿ ಇಳಿದ ಮೇಲೆ ಭುಜ ಹಿಡಿದುಕೊಂಡ ಇನ್ನೊಬ್ಬರು, ಆಮೇಲೆ ಸೊಂಟನೋವಿನ ಮತ್ತೊಬ್ಬರು.

ಆ ಇಪ್ಪತ್ತು ನಿಮಿಷದ ಶಾಖ ಅಜ್ಜಿಗೆ ಬೇಕಾದದ್ದು. ಪಕ್ಕದಲ್ಲಿ ಕೂತವರಿಗೆ ಬೇಕಾದದ್ದಲ್ಲ. ಆದರೂ ಅದರ ಒಂದಂಶ ಅವರ ಮೈಗೂ ತಲುಪುತ್ತಿರುತ್ತದೆ. ಫಿಸಿಯೋಥೆರಪಿ ಕಲಿತು ಕೆಲಸಕ್ಕೆ ಸೇರುವವರಲ್ಲಿ ಹೆಣ್ಣುಮಕ್ಕಳು ಬಹಳ. ಮದುವೆ, ಬಸಿರು, ಬಾಣಂತನ ಎಲ್ಲವೂ ಬರುವುದು ಇದೇ ಯಂತ್ರದ ಪಕ್ಕ ದುಡಿಯುವ ವರ್ಷಗಳಲ್ಲಿ. ಹೀಗಾಗಿ ‘ಈ ಯಂತ್ರದಿಂದ ಮಗುವಿಗೆ ತೊಂದರೆ ಆಗುತ್ತದೆಯೇ?’ ಎಂಬ ಪ್ರಶ್ನೆ ಆಗಾಗ ಏಳುತ್ತದೆ. ‘ಏನೂ ಆಗಲ್ಲ ಬಿಡಿ’ ಎಂದು ತಳ್ಳಿಹಾಕುವುದೂ ಸರಿಯಲ್ಲ, ‘ರೇಡಿಯೇಷನ್’ ಎಂಬ ಹೆಸರು ಕೇಳಿಯೇ ಕೆಲಸ ಬಿಡುವುದೂ ಸರಿಯಲ್ಲ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಏನು ಮಾಡಬೇಕು ಎಂಬುದೂ ತಿಳಿಯುತ್ತದೆ.

ಯಂತ್ರದೊಳಗೆ ನಡೆಯುವುದೇನು?

ಫಿಸಿಯೋಥೆರಪಿ ವಿಭಾಗದಲ್ಲಿ ಹಲವು ಯಂತ್ರಗಳಿವೆ. ಟೆನ್ಸ್ ಮತ್ತು ಐಎಫ್‌ಟಿ ಚರ್ಮದ ಮೂಲಕ ಸಣ್ಣ ವಿದ್ಯುತ್ ಹರಿಸುತ್ತವೆ. ಅಲ್ಟ್ರಾಸೌಂಡ್ ಬಳಸುವುದು ಶಬ್ದದ ಅಲೆಗಳನ್ನು, ಅದು ವಿಕಿರಣವೇ ಅಲ್ಲ. ನಮ್ಮ ಪ್ರಶ್ನೆ ಇರುವುದು ಮುಖ್ಯವಾಗಿ ಶಾರ್ಟ್‌ವೇವ್ ಡಯಾಥರ್ಮಿ ಮತ್ತು ಮೈಕ್ರೋವೇವ್ ಡಯಾಥರ್ಮಿಯ ಬಗ್ಗೆ.

ಶಾರ್ಟ್‌ವೇವ್ ಡಯಾಥರ್ಮಿ, ಅಂದರೆ ವಿಭಾಗದಲ್ಲಿ ಎಲ್ಲರೂ ಎಸ್‌ಡಬ್ಲ್ಯೂಡಿ ಎನ್ನುವ ಯಂತ್ರ, ಸಾಮಾನ್ಯವಾಗಿ 27.12 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಕೆಲಸ ಮಾಡುತ್ತದೆ. ಸೆಕೆಂಡಿಗೆ ಎರಡು ಕೋಟಿ ಎಪ್ಪತ್ತೊಂದು ಲಕ್ಷಕ್ಕೂ ಹೆಚ್ಚು ಬಾರಿ ದಿಕ್ಕು ಬದಲಿಸುವ ಈ ಕ್ಷೇತ್ರದಲ್ಲಿ ದೇಹದ ನೀರಿನ ಕಣಗಳೂ ಲವಣದ ಅಯಾನುಗಳೂ ಅತ್ತಿತ್ತ ತುಯ್ಯುತ್ತವೆ. ಆ ತಿಕ್ಕಾಟವೇ ಶಾಖವಾಗುತ್ತದೆ. ಬಿಸಿನೀರಿನ ಚೀಲದ ಶಾಖ ಚರ್ಮದಲ್ಲೇ ನಿಂತರೆ ಇದು ಆಳದ ಮಾಂಸಖಂಡದಲ್ಲಿ, ಕೀಲಿನ ಸುತ್ತ ಹುಟ್ಟುತ್ತದೆ. ಯಂತ್ರದ ಉಪಯೋಗ ಇರುವುದೇ ಇದರಲ್ಲಿ.

ಇದನ್ನು ಕೊಡುವ ವಿಧಾನ ಎರಡು. ನೋವಿನ ಜಾಗದ ಎರಡು ಬದಿಗೆ ಪ್ಯಾಡ್ ಅಥವಾ ತಟ್ಟೆ ಇಟ್ಟು ನಡುವೆ ವಿದ್ಯುತ್ ಕ್ಷೇತ್ರ ಉಂಟುಮಾಡುವುದು ಕೆಪಾಸಿಟಿವ್ ವಿಧಾನ. ಸುರುಳಿ ತಂತಿ ಇರುವ ಡ್ರಮ್ಮನ್ನು ಮೈಗೆ ಹತ್ತಿರ ಹಿಡಿದು ಕಾಂತಕ್ಷೇತ್ರದಿಂದ ಶಾಖ ಹುಟ್ಟಿಸುವುದು ಇಂಡಕ್ಟಿವ್ ವಿಧಾನ. ಯಂತ್ರವನ್ನು ಬಿಡದೆ ಒಂದೇ ಸಮನೆ ಹರಿಸಬಹುದು, ಇಲ್ಲವೇ ಬಿಟ್ಟುಬಿಟ್ಟು ಪಲ್ಸ್ ಆಗಿ ಕೊಡಬಹುದು. ಪಲ್ಸ್ ವಿಧಾನದಲ್ಲಿ ಸರಾಸರಿ ಶಕ್ತಿ ಕಡಿಮೆ.

ಕ್ಷೇತ್ರ ಎರಡು ಪ್ಯಾಡ್‌ಗಳ ನಡುವೆ ಮಾತ್ರ ಕಟ್ಟುಬಿದ್ದು ನಿಲ್ಲುವುದಿಲ್ಲ. ಪ್ಯಾಡಿನ ಬೆನ್ನಿನಿಂದ, ಅಂಚಿನಿಂದ, ಯಂತ್ರದಿಂದ ಪ್ಯಾಡಿಗೆ ಹೋಗುವ ಕೇಬಲ್‌ನಿಂದಲೂ ಸುತ್ತ ಸೋರುತ್ತದೆ. ವಿದ್ಯಾರ್ಥಿಗಳಿಗೆ ಇದು ಗೊತ್ತಿರುವ ವಿಷಯವೇ. ಯಂತ್ರ ಕೆಲಸ ಮಾಡುತ್ತಿದೆಯೇ ನೋಡಲು ಸಣ್ಣ ನಿಯಾನ್ ದೀಪವನ್ನು ಪ್ಯಾಡಿನ ಹತ್ತಿರ ಹಿಡಿದಾಗ ಅದು ಯಾವ ತಂತಿಯೂ ಇಲ್ಲದೆ ಹೊತ್ತಿಕೊಳ್ಳುತ್ತದೆ. ದೀಪ ಹೊತ್ತಿಸಿದ್ದು ಸೋರಿದ ಕ್ಷೇತ್ರ. ದೀಪದ ಜಾಗದಲ್ಲಿ ನಮ್ಮ ಹೊಟ್ಟೆ ಇದ್ದರೆ ಅದಕ್ಕೂ ಅದೇ ಕ್ಷೇತ್ರ ತಾಗುತ್ತದೆ. ವ್ಯತ್ಯಾಸವಿಷ್ಟೆ, ಹೊಟ್ಟೆ ಹೊಳೆಯುವುದಿಲ್ಲ.

ಮೈಕ್ರೋವೇವ್ ಡಯಾಥರ್ಮಿಯ ಕಂಪನಾಂಕ ಇನ್ನೂ ಹೆಚ್ಚು, ಸಾಮಾನ್ಯವಾಗಿ 2450 ಮೆಗಾಹರ್ಟ್ಸ್. ಅಡುಗೆಮನೆಯ ಮೈಕ್ರೋವೇವ್ ಒಲೆಯದೂ ಇದೇ ಕಂಪನಾಂಕ. ಒಲೆಗೆ ಲೋಹದ ಪೆಟ್ಟಿಗೆ, ಜಾಲರಿಯ ಬಾಗಿಲು ಇವೆ. ಡಯಾಥರ್ಮಿಯಲ್ಲಿ ಅಲೆಗಳು ತೆರೆದ ಕೋಣೆಯಲ್ಲೇ ಹೊರಬರುತ್ತವೆ.

ವಿಕಿರಣಗಳೆಲ್ಲ ಒಂದೇ ಅಲ್ಲ

ರೇಡಿಯೇಷನ್ ಎಂದ ಕೂಡಲೇ ಎಕ್ಸ್‌ರೇ, ಅಣುಸ್ಥಾವರ, ಕ್ಯಾನ್ಸರ್ ನೆನಪಾಗುತ್ತವೆ. ಎಕ್ಸ್‌ರೇ, ಗಾಮಾ ಕಿರಣಗಳು ಅಯಾನೀಕರಿಸುವ ವಿಕಿರಣಗಳು. ಅವುಗಳ ಒಂದೊಂದು ಕಣಕ್ಕೂ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕುವ, ಡಿಎನ್‌ಎ ಎಳೆ ತುಂಡರಿಸುವ ಬಲವಿದೆ. ಅದಕ್ಕೆ ಹತ್ತಕ್ಕಿಂತ ಹೆಚ್ಚು ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಶಾರ್ಟ್‌ವೇವ್ ಕಣದ ಶಕ್ತಿ ಅದರ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಹಾಗಾಗಿ ಡಯಾಥರ್ಮಿ ಎಕ್ಸ್‌ರೇಯ ಹಾಗೆ ಡಿಎನ್‌ಎ ಕತ್ತರಿಸುವುದಿಲ್ಲ. ಎಕ್ಸ್‌ರೇ ಭಯವನ್ನು ಇದ್ದಂತೆಯೇ ತಂದು ಇದಕ್ಕೆ ಅಂಟಿಸಬಾರದು.

ಇದರಿಂದ ಇನ್ನೂ ಎರಡು ವಿಷಯ ಸ್ಪಷ್ಟವಾಗುತ್ತವೆ. ರೇಡಿಯಾಲಜಿ ವಿಭಾಗದವರು ಎದೆಗೆ ಸಿಕ್ಕಿಸಿಕೊಳ್ಳುವ ಟಿಎಲ್‌ಡಿ ಬ್ಯಾಡ್ಜ್ ಶಾರ್ಟ್‌ವೇವನ್ನು ಅಳೆಯುವುದಿಲ್ಲ. ಬ್ಯಾಡ್ಜಿನಲ್ಲಿ ಸೊನ್ನೆ ಬಂತು ಎಂದು ಇಲ್ಲಿ ನಿಶ್ಚಿಂತೆಯಾಗಿ ಇರುವಂತಿಲ್ಲ. ಹಾಗೆಯೇ ಸೀಸದ ಏಪ್ರನ್ ಎಕ್ಸ್‌ರೇಗೆಂದು ಮಾಡಿದ್ದು. ಅದನ್ನು ತೊಟ್ಟು ಡಯಾಥರ್ಮಿ ಪಕ್ಕ ನಿಲ್ಲುವುದು ರಕ್ಷಣೆಯಲ್ಲ. ಶಾರ್ಟ್‌ವೇವ್ ಕ್ಷೇತ್ರದೊಳಗೆ ಲೋಹ ತಂದರೆ ಕ್ಷೇತ್ರದ ಹಂಚಿಕೆಯೇ ಏರುಪೇರಾಗುತ್ತದೆ.

ಬಿಸಿಯೂ ಬಸಿರೂ

ಡಿಎನ್‌ಎ ಕತ್ತರಿಸದಿದ್ದರೆ ಚಿಂತೆ ಏಕೆ? ಬಿಸಿಯಿಂದಾಗಿ. ಗರ್ಭದ ಮೊದಲ ವಾರಗಳಲ್ಲಿ ತಾಯಿಯ ಮೈಯ ಒಳತಾಪ ಹೆಚ್ಚು ಹೊತ್ತು 39 ಡಿಗ್ರಿ ಸೆಲ್ಸಿಯಸ್ ದಾಟಿದರೆ ಭ್ರೂಣಕ್ಕೆ ಒಳ್ಳೆಯದಲ್ಲ ಎಂಬುದು ಜೋರು ಜ್ವರ ಮತ್ತು ಬಿಸಿನೀರಿನ ತೊಟ್ಟಿಗಳ ಕುರಿತ ಅಧ್ಯಯನಗಳಿಂದ ತಿಳಿದಿದೆ. ಮಗುವಿನ ಮಿದುಳು, ಬೆನ್ನುಹುರಿ ಆಗುವ ನರಕೊಳವೆ ಮುಚ್ಚಿಕೊಳ್ಳುವ ಹೊತ್ತು ವಿಶೇಷವಾಗಿ ಸೂಕ್ಷ್ಮ. ಅದಕ್ಕೇ ಗರ್ಭಿಣಿ ರೋಗಿಯ ಹೊಟ್ಟೆ, ಸೊಂಟ, ಕೆಳಬೆನ್ನಿಗೆ ಡಯಾಥರ್ಮಿ ಕೊಡುವುದಿಲ್ಲ. ಸೊಂಟನೋವೆಂದು ಬಂದ ಯುವತಿಗೆ ಕೊನೆಯ ಮುಟ್ಟು ಯಾವಾಗ ಆಯಿತು ಎಂದು ಕೇಳದೆ ಯಂತ್ರ ಹಚ್ಚಬಾರದು.

ಪಕ್ಕದಲ್ಲಿ ನಿಂತ ಚಿಕಿತ್ಸಕಿಗೆ ತಗಲುವ ಪ್ರಮಾಣ ರೋಗಿಗೆ ಸಿಗುವುದಕ್ಕಿಂತ ತೀರ ಕಡಿಮೆ. ಅಂತರರಾಷ್ಟ್ರೀಯ ಮಿತಿಗಳನ್ನು ಹಾಕಿದ್ದೂ ಈ ಶಾಖದ ಲೆಕ್ಕದ ಮೇಲೆಯೇ. ಇಡೀ ಮೈ ಪ್ರತಿ ಕಿಲೋ ತೂಕಕ್ಕೆ ಸುಮಾರು 4 ವ್ಯಾಟ್ ಹೀರಿದರೆ ಒಳತಾಪ ಸುಮಾರು ಒಂದು ಡಿಗ್ರಿ ಏರುತ್ತದೆ. ಕೆಲಸಗಾರರಿಗೆ ಅದರ ಹತ್ತನೇ ಒಂದು ಪಾಲು, 0.4 ವ್ಯಾಟ್ ಮಿತಿ. ಸಾರ್ವಜನಿಕರಿಗೆ ಐವತ್ತನೇ ಒಂದು ಪಾಲು, 0.08 ವ್ಯಾಟ್. ಈ ಮಿತಿಗಳನ್ನು ರೂಪಿಸುವ ಐಸಿಎನ್‌ಐಆರ್‌ಪಿ ಎಂಬ ಅಂತರರಾಷ್ಟ್ರೀಯ ಆಯೋಗ 2020ರ ಮಾರ್ಗಸೂಚಿಯಲ್ಲಿ ಒಂದು ಮುಖ್ಯ ಮಾತು ಹೇಳಿದೆ. ಗರ್ಭಿಣಿ ಉದ್ಯೋಗಿಗೆ ಕೆಲಸಗಾರರ ಮಿತಿ ಅಲ್ಲ, ಸಾರ್ವಜನಿಕರ ಮಿತಿಯೇ ಅನ್ವಯ. ಕೆಲಸ ಆರಿಸಿಕೊಂಡಿದ್ದು ತಾಯಿ, ಹೊಟ್ಟೆಯ ಮಗುವಲ್ಲ.

ಗಂಡಸರೂ ಇದರಿಂದ ಹೊರಗಿಲ್ಲ. ವೃಷಣಗಳು ದೇಹದ ಒಳತಾಪಕ್ಕಿಂತ ಎರಡು–ನಾಲ್ಕು ಡಿಗ್ರಿ ತಂಪಾಗಿದ್ದರೆ ಮಾತ್ರ ವೀರ್ಯಾಣುಗಳು ಚೆನ್ನಾಗಿ ತಯಾರಾಗುತ್ತವೆ. ಒಂದು ವೀರ್ಯಾಣು ಬೆಳೆದು ಸಿದ್ಧವಾಗಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು. ಸ್ಟೂಲಿನ ಮೇಲೆ ಕೂತವರ ತೊಡೆಸಂದು ಪ್ಯಾಡಿನ ಎತ್ತರಕ್ಕೇ ಬರುತ್ತದೆ ಎಂಬುದನ್ನು ಪುರುಷ ಚಿಕಿತ್ಸಕರು ಮರೆಯಬಾರದು.

ಅಧ್ಯಯನಗಳು ಹೇಳಿದ್ದೇನು?

ಈ ಪ್ರಶ್ನೆಯ ಹಿಂದೆ ನಾಲ್ಕು ದಶಕಗಳ ಹುಡುಕಾಟವಿದೆ. 1982ರಲ್ಲಿ ಸ್ವೀಡನ್ನಿನ ಸಂಶೋಧಕರು 1973ರಿಂದ 1978ರವರೆಗೆ ಫಿಸಿಯೋಥೆರಪಿಸ್ಟ್‌ಗಳಿಗೆ ಹುಟ್ಟಿದ 2,043 ಶಿಶುಗಳ ಲೆಕ್ಕ ಪ್ರಕಟಿಸಿದರು. ಒಟ್ಟಾರೆ ಫಲಿತಾಂಶ ಸಾಮಾನ್ಯ ಜನರಿಗಿಂತ ಕೆಟ್ಟದಾಗಿರಲಿಲ್ಲ. ಆದರೆ ಮಗು ತೀರಿಕೊಂಡ ಅಥವಾ ಅಂಗದೋಷದೊಂದಿಗೆ ಹುಟ್ಟಿದ ತಾಯಂದಿರಲ್ಲಿ ಶಾರ್ಟ್‌ವೇವ್ ಬಳಸಿದವರು ತುಸು ಹೆಚ್ಚು ಕಂಡರು. ಅಲ್ಲಿಂದ ಪ್ರಶ್ನೆ ಗಂಭೀರವಾಯಿತು.

ಎಲ್ಲಕ್ಕಿಂತ ದೊಡ್ಡ ಅಧ್ಯಯನ ಅಮೆರಿಕದ್ದು. 1989ರಲ್ಲಿ 42 ಸಾವಿರಕ್ಕೂ ಹೆಚ್ಚು ಮಹಿಳಾ ಫಿಸಿಯೋಥೆರಪಿಸ್ಟ್‌ಗಳಿಗೆ ಪ್ರಶ್ನಾವಳಿ ಕಳಿಸಿ, ಗರ್ಭಪಾತವಾದ 1,753 ಬಸಿರುಗಳನ್ನು ಅಷ್ಟೇ ಸಂಖ್ಯೆಯ ಇತರ ಬಸಿರುಗಳೊಂದಿಗೆ ಹೋಲಿಸಿದರು. 1993ರಲ್ಲಿ ಪ್ರಕಟವಾದ ಫಲಿತಾಂಶದಂತೆ ಶಾರ್ಟ್‌ವೇವ್ ಬಳಕೆಗೂ ಗರ್ಭಪಾತಕ್ಕೂ ಗಮನಿಸುವಂಥ ನಂಟು ಇರಲಿಲ್ಲ. ಗರ್ಭಧಾರಣೆಗೆ ಮುಂಚಿನ ಆರು ತಿಂಗಳು ಅಥವಾ ಬಸಿರಿನ ಮೊದಲ ಮೂರು ತಿಂಗಳಲ್ಲಿ ಮೈಕ್ರೋವೇವ್ ಬಳಸಿದವರಲ್ಲಿ, ಬಳಸದವರಿಗೆ ಹೋಲಿಸಿದರೆ, ಗರ್ಭಪಾತದ ಸಾಧ್ಯತೆಯ ಅನುಪಾತ 1.28 ಇತ್ತು. ಬಳಕೆ ಹೆಚ್ಚಿದಷ್ಟೂ ಅನುಪಾತ ಏರಿತ್ತು.

1.28 ಎಂದರೆ ಎಷ್ಟು? ಗೊತ್ತಾದ ಬಸಿರುಗಳಲ್ಲಿ ಯಾವ ಯಂತ್ರದ ಹಂಗೂ ಇಲ್ಲದೆ ನೂರಕ್ಕೆ ಸುಮಾರು ಹದಿನೈದು ತಾವಾಗಿಯೇ ನಿಲ್ಲದೆ ಹೋಗುತ್ತವೆ ಎಂದು ಇಟ್ಟುಕೊಳ್ಳಿ. ಈ ಅನುಪಾತ ನಿಜವಾಗಿದ್ದರೆ ಅದು ಹದಿನೆಂಟರ ಆಸುಪಾಸಿಗೆ ಬರುತ್ತದೆ. ನೂರರಲ್ಲಿ ಮೂರು ಹೆಚ್ಚು. ಕಡೆಗಣಿಸುವಷ್ಟು ಚಿಕ್ಕದಲ್ಲ, ಎದೆಯೊಡೆಯುವಷ್ಟು ದೊಡ್ಡದೂ ಅಲ್ಲ. ಇದರಲ್ಲಿ ಒಂದು ಬಿಡಿಸಲಾಗದ ಗಂಟೂ ಇದೆ. ಮೈಕ್ರೋವೇವ್ ಮೈಯೊಳಗೆ ಕೆಲವೇ ಸೆಂಟಿಮೀಟರ್ ಇಳಿಯುತ್ತದೆ, ಶಾರ್ಟ್‌ವೇವ್ ಅದಕ್ಕಿಂತ ಆಳಕ್ಕೆ ಹೋಗುತ್ತದೆ. ಗರ್ಭಕೋಶಕ್ಕೆ ಹೆಚ್ಚು ತಲುಪಬಲ್ಲದ್ದರಲ್ಲಿ ನಂಟು ಕಾಣದೆ, ಕಡಿಮೆ ತಲುಪುವುದರಲ್ಲಿ ಕಂಡಿತು. ವರ್ಷಗಳ ಹಿಂದಿನ ಕೆಲಸವನ್ನು ನೆನಪಿನಿಂದ ಬರೆಯುವಾಗ, ಗರ್ಭ ಕಳೆದುಕೊಂಡ ತಾಯಿ ಎಲ್ಲವನ್ನೂ ಕೆದಕಿ ನೆನೆಯುತ್ತಾಳೆ ಎಂಬುದನ್ನೂ ಇಲ್ಲಿ ಗಮನದಲ್ಲಿಡಬೇಕು.

1991ರ ಡೆನ್ಮಾರ್ಕ್ ಅಧ್ಯಯನದಲ್ಲಿ ಹೆಚ್ಚು ಒಡ್ಡಿಕೊಂಡ ತಾಯಂದಿರ ಮಕ್ಕಳಲ್ಲಿ ಗಂಡುಮಕ್ಕಳು ನೂರಕ್ಕೆ 24ರಷ್ಟು ಮಾತ್ರ ಎಂದು ಕಂಡುಬಂದು ಗಾಬರಿ ಹುಟ್ಟಿತು. ಆದರೆ ಆ ಗುಂಪಿನಲ್ಲಿದ್ದ ಮಕ್ಕಳ ಸಂಖ್ಯೆಯೇ ಬಹಳ ಕಡಿಮೆ. 1994ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ 1,781 ಬಸಿರುಗಳನ್ನು ನೋಡಿದಾಗ ಅಂಥ ವ್ಯತ್ಯಾಸ ಕಾಣಲಿಲ್ಲ. ಕಡಿಮೆ ಸಂಖ್ಯೆಯಿಂದ ಹುಟ್ಟಿದ ಸುದ್ದಿಯನ್ನು ಹೆಚ್ಚು ಸಂಖ್ಯೆ ಹೀಗೆ ಸರಿಪಡಿಸುತ್ತದೆ. 2001ರ ಇಸ್ರೇಲ್ ಅಧ್ಯಯನ ಮಾತ್ರ ಶಾರ್ಟ್‌ವೇವ್ ಬಳಕೆಗೂ ಮಗುವಿನ ಕಡಿಮೆ ಹುಟ್ಟುತೂಕಕ್ಕೂ ನಂಟು ತೋರಿಸಿತು.

1990ರ ಫಿನ್ಲೆಂಡ್ ಅಧ್ಯಯನ ನೋಟವನ್ನು ಯಂತ್ರದಾಚೆಗೂ ಹೊರಳಿಸಿತು. ರೋಗಿಗಳನ್ನು ಎತ್ತುವ ಭಾರದ ಕೆಲಸ ಮತ್ತು ವಾರಕ್ಕೆ ಇಪ್ಪತ್ತು ಗಂಟೆ ಮೀರಿದ ಅಲ್ಟ್ರಾಸೌಂಡ್ ಬಳಕೆಗೂ ಹತ್ತನೇ ವಾರದ ನಂತರದ ಗರ್ಭಪಾತಕ್ಕೂ ಅಲ್ಲಿ ನಂಟು ಕಂಡಿತು. ಒಬ್ಬಳೇ ಹೆಣ್ಣುಮಗಳು ಭಾರ ಎತ್ತುತ್ತಾಳೆ, ದಿನವಿಡೀ ನಿಲ್ಲುತ್ತಾಳೆ, ಯಂತ್ರವನ್ನೂ ನಡೆಸುತ್ತಾಳೆ. ಯಾವುದರ ಪಾಲು ಎಷ್ಟು ಎಂದು ಬಿಡಿಸುವುದು ಸುಲಭವಲ್ಲ.

ಎಲ್ಲವನ್ನೂ ಕೂಡಿಸಿ ನೋಡಿದರೆ, ಡಯಾಥರ್ಮಿ ಗರ್ಭಕ್ಕೆ ಹಾನಿ ಮಾಡುತ್ತದೆ ಎಂದು ಸಾಬೀತಾಗಿಲ್ಲ. ಮಾಡುವುದೇ ಇಲ್ಲ ಎಂದೂ ಸಾಬೀತಾಗಿಲ್ಲ. ತಪ್ಪಿಸಿಕೊಳ್ಳುವ ದಾರಿ ಕಷ್ಟದ್ದೋ ದುಬಾರಿಯದೋ ಆಗಿದ್ದರೆ ಇಂಥ ಅನುಮಾನದಲ್ಲಿ ಲೆಕ್ಕ ಹಾಕುತ್ತ ಕೂರಬಹುದಿತ್ತು. ಇಲ್ಲಿರುವ ದಾರಿ ಎರಡು ಹೆಜ್ಜೆಯದು.

ಮೀಟರಿನ ಲೆಕ್ಕ

ಶಾರ್ಟ್‌ವೇವ್ ಅಲೆಯ ಉದ್ದ ಸುಮಾರು 11 ಮೀಟರ್, ಅಂದರೆ ಕೋಣೆಗಿಂತ ಅಲೆಯೇ ದೊಡ್ಡದು. ಯಂತ್ರದ ಅಷ್ಟು ಸಮೀಪದಲ್ಲಿ ಕ್ಷೇತ್ರ ದೂರಕ್ಕೆ ತಕ್ಕಂತೆ ಬಲು ಬೇಗ ಇಳಿಯುತ್ತದೆ, ಆದರೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಅಲ್ಲ. ಕೇಬಲ್ ಹೋದ ಕಡೆ, ಲೋಹ ಇರುವ ಕಡೆ ಹೆಚ್ಚು.

ಕೆನಡಾದ ಆರೋಗ್ಯ ಇಲಾಖೆ 1983ರಲ್ಲೇ ಪ್ಯಾಡ್‌ಗಳಿಂದ ಕನಿಷ್ಠ ಒಂದು ಮೀಟರ್, ಕೇಬಲ್‌ನಿಂದ ಅರ್ಧ ಮೀಟರ್ ದೂರವಿರಿ ಎಂದು ಸೂಚಿಸಿತು. 2004ರಲ್ಲಿ ಐರ್ಲೆಂಡಿನ ಸಂಶೋಧಕರು ಆರು ವಿಭಾಗಗಳ ಹತ್ತು ಯಂತ್ರಗಳನ್ನು ಪೂರ್ತಿ ಶಕ್ತಿಯಲ್ಲಿ ನಡೆಸಿ ಎಂಟು ದಿಕ್ಕಿನಲ್ಲಿ ಅಳೆದಾಗ ಒಂದು ಮೀಟರ್ ಎಲ್ಲ ಕಡೆ ಸಾಲದು ಎಂದು ತಿಳಿಯಿತು. ಕೆಪಾಸಿಟಿವ್ ವಿಧಾನದಲ್ಲಿ ಒಂದೇ ಸಮನೆ ಕೊಡುವಾಗ ಕೆಲಸಗಾರರ ಮಿತಿಗಿಂತ ಕೆಳಗಿಳಿಯಲು 2 ಮೀಟರ್ ಬೇಕಾಯಿತು. ಪಲ್ಸ್ ಆದರೆ ಒಂದೂವರೆ ಮೀಟರ್. ಇಂಡಕ್ಟಿವ್ ಡ್ರಮ್ಮಿಗೆ ಒಂದು ಮೀಟರ್ ಸಾಕು. ಕೆಲಸಗಾರರಲ್ಲದ ಇತರರಿಗೆ ಇದರ ಮೇಲೆ ಇನ್ನೂ ಅರ್ಧ ಮೀಟರ್ ಬೇಕು. ಗರ್ಭಿಣಿಗೆ ಸಾರ್ವಜನಿಕರ ಮಿತಿ ಎಂಬುದನ್ನು ಇಲ್ಲಿ ಸೇರಿಸಿದರೆ ಆಕೆಗೆ ಎರಡೂವರೆ ಮೀಟರ್ ಎಂದಾಯಿತು. ಅಂದರೆ ಸುಮಾರು ಎಂಟು ಅಡಿ.

ಹಾಗಾದರೆ ಗುಂಡಿ ತಿರುಗಿಸಲು ಹತ್ತಿರ ಹೋಗಲೇಬಾರದೇ? ಹೋಗಬಹುದು. ಐಸಿಎನ್‌ಐಆರ್‌ಪಿಯ 1998ರ ಮಾರ್ಗಸೂಚಿಯಲ್ಲಿ ಕೆಲಸಗಾರರಿಗೆ ಈ ಕಂಪನಾಂಕದಲ್ಲಿ ಮೀಟರಿಗೆ 61 ವೋಲ್ಟ್ ಎಂಬ ಮಟ್ಟವಿತ್ತು. ಅದು ಆರು ನಿಮಿಷದ ಸರಾಸರಿ. ಕ್ಷೇತ್ರ ಎರಡು ಪಟ್ಟಾದರೆ ಮೈ ಹೀರುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ 122 ವೋಲ್ಟ್ ಇರುವ ಜಾಗದಲ್ಲಿ ಆರು ನಿಮಿಷಕ್ಕೆ ಒಂದೂವರೆ ನಿಮಿಷ ನಿಂತು ಉಳಿದ ಹೊತ್ತು ದೂರವಿದ್ದರೆ ಸರಾಸರಿ ಆ ಮಿತಿಯೊಳಗೇ ಇರುತ್ತದೆ. ಅರ್ಧ ನಿಮಿಷದಲ್ಲಿ ಟ್ಯೂನ್ ಮಾಡಿ ಹಿಂದೆ ಸರಿಯುವವರಿಗೂ ಸ್ಟೂಲು ಹಾಕಿ ಕೂರುವವರಿಗೂ ಇರುವ ವ್ಯತ್ಯಾಸ ಇದೇ.

ವಿಭಾಗದಲ್ಲಿ ಮಾಡಬೇಕಾದ್ದು

- ಪ್ಯಾಡ್, ಕೇಬಲ್, ಟವೆಲ್ ಎಲ್ಲವನ್ನೂ ಯಂತ್ರ ಹಚ್ಚುವ ಮೊದಲೇ ಸರಿಮಾಡಿ. ಯಂತ್ರ ನಡೆಯುತ್ತಿರುವಾಗ ಪ್ಯಾಡ್ ಸರಿಸಬೇಡಿ. ಸರಿಸಲೇಬೇಕಾದರೆ ಮೊದಲು ಆಫ್ ಮಾಡಿ.
- ಕೇಬಲ್‌ಗಳು ನೀವು ನಿಲ್ಲುವ ಬದಿಗೆ ಬಾರದಂತೆ ಯಂತ್ರವನ್ನು ಇಡಿ. ಕೇಬಲ್ ಒಂದಕ್ಕೊಂದು ಅಡ್ಡ ಬೀಳಬಾರದು, ರೋಗಿಯ ಮೈಮೇಲೂ ಹಾಯಬಾರದು.
- ಮಂಚ, ಕುರ್ಚಿ, ಸ್ಟೂಲು ಮರದ್ದಿರಲಿ. ಕಬ್ಬಿಣದ ಮಂಚ ಕ್ಷೇತ್ರವನ್ನು ಬೇಡದ ಕಡೆಗೆ ಎಳೆದೊಯ್ಯುತ್ತದೆ.
- ಪರದೆ, ಪ್ಲೈವುಡ್, ಇಟ್ಟಿಗೆ ಗೋಡೆ ಈ ಅಲೆಗಳಿಗೆ ತಡೆಯಲ್ಲ. ಗೋಡೆಯ ಆಚೆ ಬದಿಯಲ್ಲಿ ಯಾರ ಕುರ್ಚಿ ಇದೆ ನೋಡಿ. ರಿಜಿಸ್ಟರ್ ಬರೆಯುವ ಮೇಜು, ಕಾಯುವವರ ಬೆಂಚು ಯಂತ್ರದ ಬೆನ್ನಿಗೆ ಬೇಡ.
- ಎರಡು ಯಂತ್ರಗಳನ್ನು ಅಕ್ಕಪಕ್ಕ ನಡೆಸಿ ನಡುವೆ ನಿಲ್ಲಬೇಡಿ.
- ರೋಗಿಯ ಕೈಗೆ ಸುರಕ್ಷತಾ ಸ್ವಿಚ್ ಕೊಡಿ. ‘ಹದವಾಗಿ ಬೆಚ್ಚಗಿದ್ದರೆ ಸಾಕು, ಬಿಸಿ ಜಾಸ್ತಿ ಅನಿಸಿದರೆ ಇದನ್ನು ಒತ್ತಿ, ನಾನು ಇಲ್ಲೇ ಕಾಣುವ ಹಾಗೆ ಇರುತ್ತೇನೆ’ ಎಂದು ಹೇಳಿ. ಮಾತು ಎಂಟು ಅಡಿ ದೂರದಿಂದಲೂ ಕೇಳಿಸುತ್ತದೆ. ಅಜ್ಜಿಯ ಭಯವೂ ಇಳಿಯುತ್ತದೆ.
- ಡಯಾಥರ್ಮಿಯ ಪಾಳಿಯನ್ನು ಹಂಚಿಕೊಳ್ಳಿ. ಹೊಸದಾಗಿ ಬಂದ ಇಂಟರ್ನ್ ಹುಡುಗಿಯೊಬ್ಬಳನ್ನೇ ದಿನವಿಡೀ ಆ ಮೂಲೆಗೆ ಹಾಕಬೇಡಿ.
- ರೇಡಿಯೋ ಅಲೆ ಅಳೆಯುವ ಮೀಟರ್ ತರಿಸಿ ನಿಮ್ಮ ಕೋಣೆಯಲ್ಲೇ ಒಮ್ಮೆ ಅಳೆಸಿ. ಕೇಬಲ್ ಬದಲಿಸಿದಾಗ, ಯಂತ್ರ ರಿಪೇರಿಯಾದಾಗ ಮತ್ತೊಮ್ಮೆ ಅಳೆಸಿ. ನಿಯಾನ್ ದೀಪ ಕ್ಷೇತ್ರ ಇದೆ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ.

ಎಕ್ಸ್‌ರೇ ಎದುರಾಗುವ ಕಡೆ

ಫಿಸಿಯೋಥೆರಪಿಸ್ಟ್‌ಗೆ ನಿಜವಾದ ಅಯಾನೀಕರಿಸುವ ವಿಕಿರಣ ಎದುರಾಗುವುದು ಐಸಿಯುನಲ್ಲಿ. ಕಫ ತೆಗೆಯಲು ಎದೆ ತಟ್ಟುತ್ತಿರುವಾಗ ಪಕ್ಕದ ಹಾಸಿಗೆಗೆ ಪೋರ್ಟಬಲ್ ಎಕ್ಸ್‌ರೇ ಬರುತ್ತದೆ. ಆಗ ಎರಡು ಮೀಟರ್ ಆಚೆ ಹೋಗಿ, ಎಕ್ಸ್‌ರೇ ಕಿರಣದ ನೇರಕ್ಕೆ ನಿಲ್ಲಬೇಡಿ. ಅಷ್ಟು ದೂರದಲ್ಲಿ ಒಂದು ಎದೆಯ ಎಕ್ಸ್‌ರೇಯಿಂದ ಚದುರಿ ಬರುವ ಪ್ರಮಾಣ ಮಿಲಿಸೀವರ್ಟಿನ ಸಾವಿರದ ಒಂದು ಪಾಲಿಗೂ ಕಡಿಮೆ. ಬಸಿರು ತಿಳಿಸಿದ ಮೇಲೆ ಉಳಿದ ಅವಧಿಗೆ ಭ್ರೂಣಕ್ಕೆ ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇಟ್ಟಿರುವ ಮಿತಿ 1 ಮಿಲಿಸೀವರ್ಟ್.

ಬೆಳಿಗ್ಗೆ ಬೋನ್ ಸ್ಕ್ಯಾನ್ ಮಾಡಿಸಿಕೊಂಡ ರೋಗಿ ಮಧ್ಯಾಹ್ನ ನಿಮ್ಮಲ್ಲಿಗೆ ಬಂದರೆ ಅವರ ಮೈಯಲ್ಲಿ ಸ್ಕ್ಯಾನಿಗೆಂದು ಕೊಟ್ಟ ವಿಕಿರಣಶೀಲ ಟೆಕ್ನೀಷಿಯಂ ಇನ್ನೂ ಇರುತ್ತದೆ. ಅದರ ಅರ್ಧಾಯುಷ್ಯ ಆರು ಗಂಟೆ. ಮರುದಿನಕ್ಕೆ ಹದಿನಾರನೇ ಒಂದು ಪಾಲಿಗೆ ಇಳಿದಿರುತ್ತದೆ. ಬಸುರಿ ಚಿಕಿತ್ಸಕಿ ಆ ರೋಗಿಯನ್ನು ಮರುದಿನ ನೋಡಿದರಾಯಿತು.

ಬಸಿರು ಗೊತ್ತಾಗುವ ಮುಂಚೆಯೇ

ಬಸಿರು ಖಚಿತವಾದ ಕೂಡಲೇ ಡಯಾಥರ್ಮಿಯ ಕೆಲಸವನ್ನು ಸಹೋದ್ಯೋಗಿಗೆ ಬಿಟ್ಟುಕೊಡುವುದು ಉತ್ತಮ. ಮೈಕ್ರೋವೇವ್ ಅಂತೂ ಬೇಡವೇ ಬೇಡ. ಪಾರ್ಶ್ವವಾಯು ಬಂದವರನ್ನು ಎತ್ತಿ ಕೂರಿಸುವಂಥ ಭಾರದ ಕೆಲಸವನ್ನೂ ಕಡಿಮೆ ಮಾಡಬೇಕು. ವ್ಯಾಯಾಮ ಕಲಿಸುವುದು, ತಪಾಸಣೆ, ದಾಖಲೆಯ ಕೆಲಸ ಆಕೆಗೆ ಸಿಗಲಿ. ಹೆರಿಗೆ ಸೌಲಭ್ಯದ ಕಾನೂನು 26 ವಾರದ ರಜೆಯನ್ನಷ್ಟೇ ಕೊಟ್ಟಿಲ್ಲ, ಗರ್ಭಪಾತವಾದರೆ ಆರು ವಾರದ ಸಂಬಳಸಹಿತ ರಜೆಯನ್ನೂ ಕೊಟ್ಟಿದೆ. ಅಂಥ ನಷ್ಟದ ಮರುವಾರವೇ ಯಾರೂ ಯಂತ್ರದ ಮುಂದೆ ಬಂದು ನಿಲ್ಲಬೇಕಾಗಿಲ್ಲ. ‘ನಾನು ಯಂತ್ರ ಮುಟ್ಟಿದ್ದಕ್ಕೇ ಹೀಗಾಯಿತು’ ಎಂಬ ಹೊರೆ ಹೊರುವುದಂತೂ ಬೇಡ. ಅಧ್ಯಯನಗಳು ಹಾಗೆ ಹೇಳುವುದಿಲ್ಲ.

ಆದರೆ ಬಸಿರು ತಿಳಿಸಿದ ಮೇಲಿನ ಎಚ್ಚರಿಕೆ ಅರ್ಧ ಎಚ್ಚರಿಕೆಯಷ್ಟೇ. ನರಕೊಳವೆ ಮುಚ್ಚುವುದು ಗರ್ಭ ಕಟ್ಟಿದ 28ನೇ ದಿನದ ಹೊತ್ತಿಗೆ. ಆಗ ಮುಟ್ಟು ತಡವಾಗಿ ಎರಡೇ ವಾರ ಆಗಿರುತ್ತದೆ. ಕೆಲವರಿಗೆ ಇನ್ನೂ ಗೊತ್ತೇ ಆಗಿರುವುದಿಲ್ಲ, ಗೊತ್ತಾದವರು ಮೂರು ತಿಂಗಳು ತುಂಬಲಿ ಎಂದು ಮನೆಯವರ ಹೊರತು ಯಾರಿಗೂ ಹೇಳಿರುವುದಿಲ್ಲ. ಹೊಸ ಕೆಲಸದಲ್ಲಿರುವ ಹುಡುಗಿ ಹೇಳಿದರೆ ಏನಾಗುತ್ತದೋ ಎಂದು ಹೆದರುತ್ತಾಳೆ. ಅವಳು ಬಾಯಿ ಬಿಡುವ ದಿನಕ್ಕೆ ಕಾಯುವ ಸುರಕ್ಷತೆ ಬೇಕಾದ ವಾರಗಳು ಕಳೆದ ಮೇಲೆ ಬರುತ್ತದೆ.

ಆದ್ದರಿಂದ ದೂರದ ನಿಯಮ ಎಲ್ಲರಿಗೂ, ಎಲ್ಲ ದಿನವೂ ಇರಬೇಕು. ಬಸುರಿಗೆ, ಆಗಲಿರುವವಳಿಗೆ, ಮದುವೆಯಾಗದವಳಿಗೆ, ಗಂಡಸಿಗೆ. ನಾಳೆ ಬೆಳಿಗ್ಗೆ ವಿಭಾಗದ ಮುಖ್ಯಸ್ಥರು ಒಂದು ಅಳತೆಪಟ್ಟಿ, ಒಂದು ಸುರುಳಿ ಹಳದಿ ಟೇಪ್ ತರಲಿ. ಪ್ಯಾಡ್ ಇರುವ ಜಾಗದಿಂದ ಎರಡೂವರೆ ಮೀಟರ್ ಅಳೆದು ನೆಲದ ಮೇಲೆ ಸುತ್ತ ಗೆರೆ ಅಂಟಿಸಲಿ. ಮಂಚದ ಪಕ್ಕದ ಆ ಸ್ಟೂಲನ್ನು ಎತ್ತಿ ಗೆರೆಯ ಆಚೆ, ಅಜ್ಜಿಯ ಮುಖ ಕಾಣುವ ಕಡೆ ಇಡಲಿ. ಆಮೇಲೆ ಯಾರೂ ಯಾರನ್ನೂ ‘ವಿಶೇಷ ಏನಾದರೂ ಇದೆಯಾ?’ ಎಂದು ಕೇಳಬೇಕಾಗುವುದಿಲ್ಲ.